ಡೆಕಾರ್ಟ್‌ನ ಅನುಮಾನ, ಅರಿವು, ಮನಸ್ಸು ಮತ್ತು ದೇಹ: ಪದೇ ಪದೇ ಕೇಳುವ ಪ್ರಶ್ನೆಗಳು

ಡೆಕಾರ್ಟ್ ಬಗ್ಗೆ ಮಾತು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ಕಾಲೇಜು ಹುಡುಗ ಹುಡುಗಿಯರದ್ದು, ಕೆಲವು ಪತ್ರದಲ್ಲಿ ಬಂದವು, ಇನ್ನು ಕೆಲವು ಮಾತಿಗೆ ಮಾತು ಬೆಳೆದು ಹುಟ್ಟಿದವು. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಮೇಲಿಂದ ಕೆಳಗೆ ಪೂರ್ತಿ ಓದಲೇಬೇಕು ಅಂತೇನಿಲ್ಲ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ.

## ಮೊದಲಿಗೆ

ಈ ಡೆಕಾರ್ಟ್ ಗಣಿತದವನಾ, ತತ್ವಶಾಸ್ತ್ರದವನಾ?

ಎರಡೂ. ಹುಟ್ಟಿದ್ದು 1596ರಲ್ಲಿ, ಫ್ರಾನ್ಸಿನ ಲಾ ಏ ಎಂಬ ಸಣ್ಣ ಊರಲ್ಲಿ. ಆ ಊರಿಗೆ ಈಗ ಅವನದೇ ಹೆಸರು. ಜೆಸುಯಿಟ್ ಪಾದ್ರಿಗಳ ಶಾಲೆಯಲ್ಲಿ ಓದಿದ, ಕಾನೂನು ಪದವಿ ಪಡೆದ, ಸೈನ್ಯ ಸೇರಿ ಯುರೋಪ್ ಸುತ್ತಿದ. 1628ರ ಹೊತ್ತಿಗೆ ಹಾಲೆಂಡಿಗೆ ಹೋದವನು ಸುಮಾರು ಇಪ್ಪತ್ತು ವರ್ಷ ಅಲ್ಲೇ ಇದ್ದ. ಊರು ಮತ್ತು ಮನೆ ಮಾತ್ರ ಬದಲಾಯಿಸುತ್ತಲೇ ಇದ್ದ.

ಶಾಲೆಯಲ್ಲಿ ನೀವು ಎಕ್ಸ್ ಅಕ್ಷ, ವೈ ಅಕ್ಷ ಎಳೆದು ಗ್ರಾಫ್ ಹಾಳೆಯಲ್ಲಿ ಬಿಂದು ಗುರುತಿಸಿದ್ದೀರಲ್ಲ, ಆ ನಿರ್ದೇಶಾಂಕ ರೇಖಾಗಣಿತದ ಬೇರು 1637ರಲ್ಲಿ ಅವನು ಪ್ರಕಟಿಸಿದ ಜ್ಯಾಮಿತಿಯ ಬರಹದಲ್ಲಿದೆ. (ಅದೇ ಕಾಲದಲ್ಲಿ ಫರ್ಮಾ ಎಂಬ ಗಣಿತಜ್ಞ ಕೂಡ ತನ್ನ ದಾರಿಯಲ್ಲಿ ಅಲ್ಲಿಗೇ ಬಂದಿದ್ದ.) ಆ ಬರಹಕ್ಕೆ ಮತ್ತು ಅದರ ಜೊತೆಗಿದ್ದ ಇನ್ನೆರಡು ವಿಜ್ಞಾನದ ಬರಹಗಳಿಗೆ ಮುನ್ನುಡಿಯಾಗಿ ಬಂದದ್ದೇ ‘ಡಿಸ್ಕೋರ್ಸ್ ಆನ್ ದಿ ಮೆಥಡ್’. ಪಂಡಿತರ ಲ್ಯಾಟಿನ್ ಬಿಟ್ಟು ಜನರ ಫ್ರೆಂಚಿನಲ್ಲಿ ಬರೆದ. ಈಗ ಆ ಮುನ್ನುಡಿಯನ್ನೇ ಎಲ್ಲರೂ ಓದುತ್ತಾರೆ. ನಾಲ್ಕು ವರ್ಷ ಬಿಟ್ಟು, 1641ರಲ್ಲಿ, ಲ್ಯಾಟಿನ್‌ನಲ್ಲಿ ‘ಮೆಡಿಟೇಶನ್ಸ್’ ಬಂತು. ಈ ಪುಟದ ಪ್ರಶ್ನೆಗಳು ಹೆಚ್ಚಾಗಿ ಅದರ ಸುತ್ತಲೇ ಇವೆ.

ರ‍್ಯಾಷನಲಿಸ್ಟ್ ಅಂತಾರಲ್ಲ, ಅಂದ್ರೆ ನಮ್ಮ ವಿಚಾರವಾದಿಗಳ ಥರ ನಾಸ್ತಿಕನಾ?

ಅಲ್ಲ. ದೇವರನ್ನು ನಂಬಿದ್ದ ಕ್ಯಾಥೊಲಿಕ್. ‘ಮೆಡಿಟೇಶನ್ಸ್’ ಅನ್ನು ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿದ್ದ ಧರ್ಮಶಾಸ್ತ್ರದ ಪಂಡಿತರಿಗೇ ಅರ್ಪಿಸಿದ್ದ.

ಕರ್ನಾಟಕದಲ್ಲಿ ವಿಚಾರವಾದ ಅಂದಕೂಡಲೇ ಎಚ್. ನರಸಿಂಹಯ್ಯ ಅವರ ನೆನಪಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸೋಕೆ ಒಂದು ಸಮಿತಿಯನ್ನೇ ಮಾಡಿದವರು. ಅವರ ಜಗಳ ಮೂಢನಂಬಿಕೆಯ ಜೊತೆ. 17ನೇ ಶತಮಾನದ ಯುರೋಪಿನ ಜಗಳ ಬೇರೆ: ನಮ್ಮ ಅರಿವಿಗೆ ಗಟ್ಟಿ ನೆಲೆ ಯಾವುದು, ಕಣ್ಣು ಕಿವಿಯೋ ಅಥವಾ ಬುದ್ಧಿಯೋ? ಬುದ್ಧಿ ಅಂದವರು ಡೆಕಾರ್ಟ್, ಸ್ಪಿನೋಜ, ಲೈಬ್ನಿಟ್ಸ್. ಅನುಭವ ಅಂದವರಲ್ಲಿ ಲಾಕ್, ಹ್ಯೂಮ್ ದೊಡ್ಡವರು. ದೇವರ ಪ್ರಶ್ನೆಯಲ್ಲಿ ಈ ಎರಡೂ ಗುಂಪಿನೊಳಗೆ ಎಲ್ಲ ಥರದವರೂ ಇದ್ದರು.

ದೇವರನ್ನು ನಂಬಿದ್ದರಿಂದ ಡೆಕಾರ್ಟ್‌ಗೆ ಲಾಭವೇನೂ ಆಗಲಿಲ್ಲ. 1633ರಲ್ಲಿ ಗೆಲಿಲಿಯೋಗೆ ಶಿಕ್ಷೆಯಾಯಿತು ಅಂತ ಕೇಳಿದವನೇ ಭೂಮಿ ಸುತ್ತುತ್ತದೆ ಅಂತಿದ್ದ ತನ್ನ ಪುಸ್ತಕವನ್ನು ಪ್ರಕಟಿಸದೆ ಒಳಗಿಟ್ಟ. ಅಷ್ಟು ಹುಷಾರಾಗಿದ್ದರೂ, ಸತ್ತ 13 ವರ್ಷಕ್ಕೆ, 1663ರಲ್ಲಿ, ರೋಮಿನ ಚರ್ಚು ಅವನ ಪುಸ್ತಕಗಳನ್ನು ನಿಷೇಧದ ಪಟ್ಟಿಗೆ ಹಾಕಿತು.

ಈ ಅನುಮಾನದ ಗೀಳು ಅವನಿಗೆ ಯಾಕೆ ಹಿಡೀತು?

ಗೀಳಲ್ಲ, ಲೆಕ್ಕಾಚಾರ. ಗಟ್ಟಿಯಾದ ಸತ್ಯ ಒಂದು ಸಿಗುವ ತನಕ ಎಲ್ಲವನ್ನೂ ಅನುಮಾನಿಸಿ ನೋಡೋದು ಅವನ ವಿಧಾನ. ಅವನು ಓದಿದ ಲಾ ಫ್ಲೆಶ್ ಶಾಲೆಗೆ ಯುರೋಪಿನಲ್ಲೇ ಒಳ್ಳೆಯ ಹೆಸರಿತ್ತು. ಅಲ್ಲಿಂದ ಹೊರಬರುವಾಗ ಅವನಿಗೆ ಅನ್ನಿಸಿದ್ದು ಇಷ್ಟು: ತತ್ವಶಾಸ್ತ್ರದಲ್ಲಿ ಜಗಳವಿಲ್ಲದ ಒಂದೇ ಒಂದು ವಿಷಯವೂ ಇಲ್ಲ, ಗಣಿತ ಮಾತ್ರ ಗಟ್ಟಿ. ಹೊರಗೆ ನೋಡಿದರೆ ದೂರದರ್ಶಕ ಬಂದು ಹಳೆಯ ಆಕಾಶವೇ ಕುಸಿದಿತ್ತು. ಎರಡು ಸಾವಿರ ವರ್ಷ ಪಾಠ ಹೇಳಿದ್ದು ಸುಳ್ಳಾಗಬಹುದಾದರೆ ಇವತ್ತು ಹೇಳುತ್ತಿರುವುದರ ಗತಿ ಏನು?

1619ರ ನವೆಂಬರ್ 10ರ ರಾತ್ರಿ ಜರ್ಮನಿಯ ಬೆಚ್ಚನೆಯ ಕೋಣೆಯೊಂದರಲ್ಲಿ ಅವನಿಗೆ ಒಂದರ ಹಿಂದೆ ಒಂದು ಮೂರು ಕನಸು ಬಿದ್ದವು. ಆಗ ಅವನಿಗೆ 23 ವರ್ಷ. ಇಡೀ ಅರಿವನ್ನು ಹೊಸ ಬುನಾದಿಯ ಮೇಲೆ ಕಟ್ಟೋದೇ ತನ್ನ ಕೆಲಸ ಅಂತ ಆ ರಾತ್ರಿ ತೀರ್ಮಾನಿಸಿದನಂತೆ. ಬುದ್ಧಿಯನ್ನೇ ನೆಚ್ಚಿಕೊಂಡ ತತ್ವಕ್ಕೆ ಕನಸು ಅಪ್ಪಣೆ ಕೊಟ್ಟಿದ್ದು ತಮಾಷೆಯೇ.

## ಅನುಮಾನ

ಎಲ್ಲವನ್ನೂ ಅನುಮಾನಿಸು ಅಂದ್ರೆ ಒಂದೊಂದಾಗಿ ಕೂತು ನೋಡೋದಾ? ಆಯಸ್ಸು ಸಾಲಲ್ಲ ಅಲ್ವಾ?

ಸಾಲಲ್ಲ. ಅದಕ್ಕೇ ಅವನು ನಂಬಿಕೆಗಳನ್ನು ಬಿಡಿಬಿಡಿಯಾಗಿ ಮುಟ್ಟುವುದಿಲ್ಲ, ಅವು ನಿಂತಿರುವ ನೆಲವನ್ನೇ ಅಲುಗಾಡಿಸುತ್ತಾನೆ. ಮೊದಲು ಇಂದ್ರಿಯಗಳು. ದೂರದಿಂದ ದುಂಡಗೆ ಕಂಡ ಗೋಪುರ ಹತ್ತಿರ ಹೋದರೆ ಚೌಕ. ಒಮ್ಮೆ ಮೋಸ ಮಾಡಿದವರನ್ನು ಪೂರ್ತಿ ನಂಬಬಾರದು ಅಂತಾನೆ. ಸರಿ, ದೂರದ್ದು ತಪ್ಪಾಗಬಹುದು, ಆದರೆ ನಾನಿಲ್ಲಿ ಬೆಂಕಿ ಪಕ್ಕ ಉದ್ದನೆಯ ಅಂಗಿ ತೊಟ್ಟು ಕೈಯಲ್ಲಿ ಕಾಗದ ಹಿಡಿದು ಕೂತಿರೋದು? ಅದೂ ಎಷ್ಟೋ ಸಲ ಕನಸಲ್ಲಿ ಹೀಗೇ ಕಂಡಿದೆ, ಆಗ ನಾನು ಬಟ್ಟೆ ಬಿಚ್ಚಿಟ್ಟು ಹಾಸಿಗೆಯಲ್ಲಿ ಮಲಗಿದ್ದೆ. ಎಚ್ಚರವನ್ನೂ ಕನಸನ್ನೂ ಬೇರ್ಪಡಿಸುವ ಖಚಿತ ಗುರುತು ಸಿಗುತ್ತಿಲ್ಲ.

ಯಾಕೆ ಎಲ್ಲವನ್ನೂ ಒಟ್ಟಿಗೆ ತಳ್ಳಿಹಾಕಬೇಕು ಅಂತ ಒಬ್ಬ ಪಾದ್ರಿ ಕೇಳಿದ್ದಕ್ಕೆ ಡೆಕಾರ್ಟ್ ಸೇಬಿನ ಬುಟ್ಟಿಯ ಮಾತು ಹೇಳಿದ. ಬುಟ್ಟಿಯಲ್ಲಿ ಕೊಳೆತ ಹಣ್ಣಿದೆ ಅಂತ ಅನುಮಾನ ಬಂದರೆ ಏನು ಮಾಡುತ್ತೀರಿ? ಮೊದಲು ಪೂರ್ತಿ ಸುರಿದು, ಆಮೇಲೆ ಒಂದೊಂದೇ ನೋಡಿ ಒಳ್ಳೆಯದನ್ನು ವಾಪಸ್ ಹಾಕುತ್ತೀರಿ. ಸುರಿಯೋದು ಎಸೆಯೋದಕ್ಕಲ್ಲ. ಡೆಕಾರ್ಟ್ ಓದಿ ‘ಏನನ್ನೂ ನಂಬಲಾಗದು’ ಅಂತ ನಿಲ್ಲಿಸುವವರು ಬುಟ್ಟಿ ಸುರಿದು ಎದ್ದುಹೋದವರು.

ಕನಸು ಸರಿ, ಆದ್ರೆ ಆ ದುಷ್ಟ ಭೂತ ಯಾಕೆ ಬೇಕಿತ್ತು? ಸಿನಿಮಾ ಕಥೆ ಇದ್ದಂಗಿದೆ.

ಯಾಕಂದರೆ ಕನಸಿನಲ್ಲೂ ಎರಡಕ್ಕೆ ಮೂರು ಕೂಡಿದರೆ ಐದೇ. ಕನಸಿನಲ್ಲಿ ಕಂಡ ಚೌಕಕ್ಕೂ ನಾಲ್ಕೇ ಬದಿ. ಅಂದರೆ ಕನಸಿನ ವಾದ ಗಣಿತವನ್ನು ಮುಟ್ಟುವುದಿಲ್ಲ. ಅದನ್ನೂ ಅಲುಗಾಡಿಸಬೇಕು ಅಂದರೆ, ನಾನು ಕೂಡುವಾಗಲೆಲ್ಲ ನನ್ನ ಬುದ್ಧಿಯನ್ನೇ ದಾರಿ ತಪ್ಪಿಸುವಷ್ಟು ಶಕ್ತಿ ಇರುವ ಮೋಸಗಾರ ಒಬ್ಬ ಬೇಕು. ಅವನೇ ಈ ಭೂತ.

ಇನ್ನೊಂದು ಕಾರಣವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಹಳೇ ನಂಬಿಕೆಗಳು ಅಭ್ಯಾಸಬಲದಿಂದ ಪದೇ ಪದೇ ವಾಪಸ್ ಬರುತ್ತವೆ ಅಂತ ಅವನಿಗೆ ಗೊತ್ತಿತ್ತು. ಹಗ್ಗ ಒಂದು ಕಡೆ ಎಳೆಯುತ್ತಿದ್ದರೆ ಇನ್ನೊಂದು ಕಡೆ ಅಷ್ಟೇ ಬಲವಾಗಿ ಎಳೆಯೋಕೆ ಭೂತವನ್ನು ನಿಲ್ಲಿಸಿದ. ಅಂಥ ಭೂತ ಇದೆ ಅಂತ ಅವನು ಎಲ್ಲೂ ಹೇಳಿಲ್ಲ.

ಹೀಗೆ ಅನುಮಾನ ಪಡ್ತಾ ಕೂತ್ರೆ ಬದುಕೋದು ಹೇಗೆ? ಅವನು ಊಟ ಮಾಡ್ತಿರಲಿಲ್ವಾ?

ಮಾಡುತ್ತಿದ್ದ. ಅನುಮಾನ ಇರೋದು ಯೋಚನೆಯ ಕೋಣೆಯಲ್ಲಿ, ಬೀದಿಯಲ್ಲಲ್ಲ ಅಂತ ಅವನೇ ಗೆರೆ ಎಳೆದಿದ್ದಾನೆ. ‘ಡಿಸ್ಕೋರ್ಸ್’ನಲ್ಲಿ ಹೊಸ ಮನೆ ಕಟ್ಟಿ ಮುಗಿಯುವ ತನಕ ಅಂತ ಕೆಲವು ತಾತ್ಕಾಲಿಕ ನಿಯಮ ಮಾಡಿಕೊಂಡ. ಊರಿನ ಕಾನೂನು, ರೂಢಿ ಪಾಲಿಸೋದು. ಒಮ್ಮೆ ತೀರ್ಮಾನ ಮಾಡಿದರೆ ಗಟ್ಟಿಯಾಗಿ ನಿಲ್ಲೋದು: ಕಾಡಿನಲ್ಲಿ ದಾರಿ ತಪ್ಪಿದವನು ಅತ್ತಿತ್ತ ಅಲೆಯದೆ ಒಂದೇ ದಿಕ್ಕಿಗೆ ನಡೆದರೆ ಎಲ್ಲಾದರೂ ಒಂದು ಕಡೆ ತಲುಪುತ್ತಾನೆ, ಕಾಡಿನ ನಡುವೆ ನಿಲ್ಲೋದಕ್ಕಿಂತ ಅದೇ ವಾಸಿ. ಜಗತ್ತನ್ನು ಬದಲಿಸೋಕೆ ಹೋಗುವ ಬದಲು ತನ್ನ ಆಸೆಗಳನ್ನು ಬದಲಿಸೋದು.

ನಾನೂ ಎಲ್ಲವನ್ನೂ ಪ್ರಶ್ನೆ ಮಾಡ್ತೀನಿ. ಡಾಕ್ಟ್ರು, ಪೇಪರ್ನೋರು, ಯಾರನ್ನೂ ನಂಬಲ್ಲ. ಇದು ಡೆಕಾರ್ಟ್ ದಾರಿನೇ ತಾನೇ?

ಅಲ್ಲ. ನೀವು ಅನುಮಾನಿಸುತ್ತಿರೋದು ಬೇರೆಯವರನ್ನು. ಅವನು ಅನುಮಾನಿಸಿದ್ದು ತನ್ನನ್ನು. ತನ್ನ ಕಣ್ಣು, ತನ್ನ ನೆನಪು, ತನ್ನ ಲೆಕ್ಕ. ‘ಇಷ್ಟು ದಿನ ನಾನೇ ಸುಳ್ಳನ್ನು ನಿಜ ಅಂತ ಒಪ್ಪಿಕೊಂಡಿದ್ದೆ’ ಅನ್ನೋದೇ ‘ಮೆಡಿಟೇಶನ್ಸ್’ನ ಮೊದಲ ಮಾತು. ಅದೂ ಜೀವನದಲ್ಲಿ ಒಮ್ಮೆ ಮಾಡುವ ಕೆಲಸ ಅಂತ ಅವನೇ ಹೇಳಿದ್ದಾನೆ, ದಿನಾ ಬೆಳಗ್ಗೆ ಮಾಡೋದಲ್ಲ.

## ಅರಿವು

‘ನಾನು ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’. ಇದ್ರಲ್ಲಿ ಅಂಥ ದೊಡ್ಡದೇನಿದೆ? ಯೋಚಿಸದಿದ್ರೆ ಇರಲ್ವಾ?

ಯೋಚಿಸದ ಕಲ್ಲೂ ಇರುತ್ತದೆ. ಅವನು ಹೇಳುತ್ತಿರೋದು ಇರುವಿಕೆಗೆ ಕಾರಣ ಯೋಚನೆ ಅಂತಲ್ಲ. ಎಲ್ಲವನ್ನೂ ಸುರಿದ ಮೇಲೂ ಕೈಯಿಂದ ಜಾರದ ಒಂದು ಸತ್ಯ ಯಾವುದು ಅಂತ ಹುಡುಕುತ್ತಿದ್ದಾನೆ. ಭೂತ ನನಗೆ ಎಲ್ಲದರಲ್ಲೂ ಮೋಸ ಮಾಡಲಿ. ಮೋಸ ಹೋಗೋಕೆ ನಾನಿರಬೇಕಲ್ಲ! ‘ನಾನಿಲ್ಲವೇನೋ’ ಅಂತ ಅನುಮಾನಿಸಿದರೆ ಆ ಅನುಮಾನವೇ ನಾನಿರೋದಕ್ಕೆ ಸಾಕ್ಷಿ. ಅನುಮಾನವನ್ನೇ ಆಯುಧ ಮಾಡಿಕೊಂಡು ಅನುಮಾನವನ್ನು ನಿಲ್ಲಿಸಿದ ಜಾಣತನ ಇದು.

ಒಂದು ವಿಷಯ ಗಮನಿಸಿ. ಈ ಪ್ರಸಿದ್ಧ ವಾಕ್ಯ 1637ರ ‘ಡಿಸ್ಕೋರ್ಸ್’ನಲ್ಲಿದೆ. ‘ಮೆಡಿಟೇಶನ್ಸ್’ನಲ್ಲಿ ‘ಆದ್ದರಿಂದ’ ಇಲ್ಲವೇ ಇಲ್ಲ. ‘ನಾನಿದ್ದೇನೆ ಅನ್ನುವ ಮಾತು, ನಾನದನ್ನು ಹೇಳುವಾಗಲೆಲ್ಲ ಅಥವಾ ಮನಸ್ಸಿನಲ್ಲಿ ತಂದುಕೊಳ್ಳುವಾಗಲೆಲ್ಲ ನಿಜ’ ಅಂತ ಮಾತ್ರ ಇದೆ. ಅದೇ ಗಟ್ಟಿಯಾದ ರೂಪ ಅಂತ ನನ್ನ ಲೆಕ್ಕ. ಜೊತೆಗೆ ಅದು ಎಷ್ಟು ಸಣ್ಣ ಗೆಲುವು ಅಂತಲೂ ಗೊತ್ತಾಗುತ್ತದೆ. ಯೋಚಿಸುವ ಹೊತ್ತಿನಲ್ಲಿ ನಾನಿದ್ದೇನೆ, ಅಷ್ಟೇ. ನಿನ್ನೆ ಇದ್ದೆನೋ ಇಲ್ಲವೋ ಇನ್ನೂ ಗೊತ್ತಿಲ್ಲ. ನನಗೆ ಕೈಕಾಲಿದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಯೋಚನೆಯೇ ಯಾಕೆ ಬೇಕು? ‘ನಾನು ನಡೀತೀನಿ, ಅದಕ್ಕೇ ಇದ್ದೀನಿ’ ಅಂದ್ರೂ ಆಯ್ತಲ್ಲ?

ಇದೇ ಥರದ ಮಾತನ್ನು ಗಸೆಂಡಿ ಅನ್ನುವ ಫ್ರೆಂಚ್ ತತ್ವಜ್ಞಾನಿ ಆಗಲೇ ಎತ್ತಿದ್ದ: ಇದ್ದೇನೆ ಅನ್ನೋಕೆ ಯಾವ ಕೆಲಸವಾದರೂ ಸಾಕಲ್ಲ? ಡೆಕಾರ್ಟ್ ಕೊಟ್ಟ ಉತ್ತರ: ನೀವು ನಡೆಯುತ್ತಿದ್ದೀರಿ ಅನ್ನೋದು ಕನಸಾಗಿರಬಹುದು, ಆಗ ಕಾಲು ಅಲುಗಾಡಿಯೇ ಇರೋದಿಲ್ಲ. ‘ನಡೆಯುತ್ತಿದ್ದೇನೆ ಅಂತ ನನಗೆ ಅನ್ನಿಸುತ್ತಿದೆ’ ಅನ್ನೋದು ಮಾತ್ರ ಸುಳ್ಳಾಗೋಕೆ ಸಾಧ್ಯವಿಲ್ಲ. ಆ ಅನ್ನಿಸಿಕೆಯೇ ಅವನ ಪ್ರಕಾರ ಯೋಚನೆ. ಬಯಸೋದು, ಬೇಡ ಅನ್ನೋದು, ಕಲ್ಪಿಸೋದು, ನೋವು ಅನುಭವಿಸೋದು ಎಲ್ಲವೂ ಅದರಲ್ಲಿ ಬರುತ್ತವೆ.

ಪಿಯುಸಿಯಲ್ಲಿ ತರ್ಕಶಾಸ್ತ್ರ ಓದಿದ್ದೀನಿ. ‘ಯೋಚಿಸುವುದೆಲ್ಲ ಇರುತ್ತದೆ’ ಅನ್ನೋ ಆಧಾರವಾಕ್ಯ ಬಿಟ್ಟಿದ್ದಾನಲ್ಲ?

ಬಿಟ್ಟಿದ್ದಲ್ಲ, ಬೇಡ ಅಂದಿದ್ದು. ಇದು ಆಧಾರವಾಕ್ಯಗಳಿಂದ ಕಟ್ಟಿದ ವಾದವಲ್ಲ, ಮನಸ್ಸು ಒಂದೇ ನೋಟದಲ್ಲಿ ಕಂಡುಕೊಂಡದ್ದು ಅಂತ, ‘ಮೆಡಿಟೇಶನ್ಸ್’ ಜೊತೆಗೇ ಅಚ್ಚಾದ ಪಂಡಿತರ ಆಕ್ಷೇಪಗಳಿಗೆ ಕೊಟ್ಟ ಉತ್ತರದಲ್ಲಿ ಬರೆದಿದ್ದಾನೆ. ನಾವು ಮೊದಲು ನಮ್ಮಲ್ಲೇ ಆ ಒಂದನ್ನು ಕಂಡು, ಆಮೇಲೆ ‘ಯೋಚಿಸುವುದೆಲ್ಲ ಇರುತ್ತದೆ’ ಅನ್ನುವ ಸಾಮಾನ್ಯ ಮಾತಿಗೆ ಬರುತ್ತೇವೆ, ಉಲ್ಟಾ ಅಲ್ಲ.

ಇದಕ್ಕಿಂತ ಚೂಪಾದ ಆಕ್ಷೇಪ 18ನೇ ಶತಮಾನದ ಜರ್ಮನ್ ಭೌತವಿಜ್ಞಾನಿ ಲಿಶ್ಟೆನ್‌ಬರ್ಗ್‌ನದ್ದು. ‘ಮಿಂಚುತ್ತಿದೆ’ ಅನ್ನುವ ಹಾಗೆ ‘ಯೋಚನೆ ನಡೆಯುತ್ತಿದೆ’ ಅಂದರೆ ಸಾಕು, ‘ನಾನು’ ಎಲ್ಲಿಂದ ಬಂತು ಅಂತ ಅವನು ಕೇಳಿದ. ಇದಕ್ಕೆ ಡೆಕಾರ್ಟ್ ಕಡೆಯಿಂದ ತೃಪ್ತಿಯಾಗುವ ಉತ್ತರ ನನಗೆ ಕಂಡಿಲ್ಲ.

ಶಂಕರರು ಇದನ್ನೇ ಎಂಟುನೂರು ವರ್ಷ ಮೊದ್ಲೇ ಹೇಳಿಲ್ವಾ?

ಒಂದು ಭಾಗ ಹೇಳಿದ್ದಾರೆ. ಬ್ರಹ್ಮಸೂತ್ರ ಭಾಷ್ಯದಲ್ಲಿ, ತಾನಿಲ್ಲ ಅಂತ ಯಾರೂ ಅಂದುಕೊಳ್ಳೋದಿಲ್ಲ ಅನ್ನುವ ಮಾತಿದೆ. ಆತ್ಮವನ್ನು ಇಲ್ಲ ಅನ್ನುವವನ ಸ್ವರೂಪವೇ ಆತ್ಮ ಅನ್ನುವ ಮಾತೂ ಇದೆ. ಯುರೋಪಿನಲ್ಲೇ ನೋಡಿದರೆ ಅವರಿಗಿಂತಲೂ ಮೊದಲು ಸಂತ ಅಗಸ್ಟೀನ್ ‘ನಾನು ತಪ್ಪಿದರೂ ಇದ್ದೇನೆ’ ಅಂದಿದ್ದ. ಹಾಗಾಗಿ ಯಾರು ಮೊದಲು ಅನ್ನುವ ಸ್ಪರ್ಧೆಯಲ್ಲಿ ಡೆಕಾರ್ಟ್ ಗೆಲ್ಲೋದಿಲ್ಲ.

ವ್ಯತ್ಯಾಸ ಇರೋದು ಮುಂದಿನ ಹೆಜ್ಜೆಯಲ್ಲಿ. ಡೆಕಾರ್ಟ್‌ಗೆ ಆ ‘ನಾನು’ ಯೋಚಿಸುವ ಒಬ್ಬ ವ್ಯಕ್ತಿ. ಯೋಚನೆ, ಸಂಕಲ್ಪ, ಅನುಮಾನ ಎಲ್ಲ ಅವನ ಒಳಗಿನವು. ಶಂಕರರಿಗೆ ಯೋಚನೆಗಳು ಅಂತಃಕರಣದ (ಮನಸ್ಸು, ಬುದ್ಧಿ ಸೇರಿದ ಒಳಗಿನ ಸಾಧನದ) ಆಟ, ಅವನ್ನು ಕಾಣುವ ಸಾಕ್ಷಿ ಬೇರೆ, ಆ ಸಾಕ್ಷಿ ಕೊನೆಗೆ ‘ನನ್ನದು, ನಿನ್ನದು’ ಅಂತ ಹಂಚಿಹೋಗುವುದೂ ಅಲ್ಲ. ಸಾಂಖ್ಯ ದರ್ಶನದವರೂ ಬುದ್ಧಿ, ಅಹಂಕಾರ, ಮನಸ್ಸನ್ನೆಲ್ಲ ಪ್ರಕೃತಿಯ, ಅಂದರೆ ಜಡದ ಕಡೆಗೇ ಹಾಕುತ್ತಾರೆ. ಅಂದರೆ ಡೆಕಾರ್ಟ್ ಗೆರೆ ಎಳೆದದ್ದು ಮನಸ್ಸಿಗೂ ದೇಹಕ್ಕೂ ನಡುವೆ. ಇವರು ಎಳೆದದ್ದು ಮನಸ್ಸಿಗೂ ಆಚೆ. ‘ನಮ್ಮವರು ಮೊದಲೇ ಹೇಳಿದ್ದರು’ ಅಂತ ಮುಗಿಸಿಬಿಟ್ಟರೆ ಈ ಸೊಗಸಾದ ಜಗಳ ಕೈತಪ್ಪುತ್ತದೆ.

ಆ ಮೇಣದ ಉದಾಹರಣೆ ಎಷ್ಟು ಸಲ ಓದಿದ್ರೂ ತಲೆಗೆ ಹೋಗ್ತಿಲ್ಲ.

ಓದೋದು ಬಿಟ್ಟು ಒಂದು ಸಲ ಮಾಡಿ ನೋಡಿ. ಜೇನುಗೂಡಿನಿಂದ ಈಗಷ್ಟೇ ತೆಗೆದ ಮೇಣದ ತುಂಡು ಬೇಕು. ಜೇನಿನ ರುಚಿ ಇನ್ನೂ ಪೂರ್ತಿ ಹೋಗಿರೋದಿಲ್ಲ. ಹೂವಿನ ವಾಸನೆ ತುಸು ಉಳಿದಿರುತ್ತದೆ. ಮುಟ್ಟಿದರೆ ತಣ್ಣಗೆ, ಗಟ್ಟಿ. ಬೆರಳಿನ ಗೆಣ್ಣಿನಿಂದ ಬಡಿದರೆ ಸದ್ದು. ಈಗ ಅದನ್ನು ಬೆಂಕಿಯ ಹತ್ತಿರ ತನ್ನಿ. ರುಚಿ ಹೋಯಿತು, ವಾಸನೆ ಹಾರಿತು, ಬಣ್ಣ ಬದಲಾಯಿತು, ಆಕಾರ ಕರಗಿತು, ನೀರಾಯಿತು, ಬಿಸಿಯಾಯಿತು, ಬಡಿದರೆ ಸದ್ದೇ ಇಲ್ಲ.

ಅದೇ ಮೇಣವೇ? ಹೌದು ಅಂತೀರಿ. ಯಾವ ಇಂದ್ರಿಯ ಹೇಳಿತು? ಐದಕ್ಕೂ ಸಿಕ್ಕಿದ್ದೆಲ್ಲ ಬದಲಾಗಿದೆ. ಕಲ್ಪನೆ ಹೇಳಿತೇ? ಮೇಣ ತಾಳಬಹುದಾದ ಆಕಾರಗಳಿಗೆ ಲೆಕ್ಕವೇ ಇಲ್ಲ, ಕಲ್ಪನೆ ಅಷ್ಟನ್ನೂ ಓಡಿಸಿ ನೋಡಲಾರದು. ಹಾಗಾದರೆ ಹೇಳಿದ್ದು ಬುದ್ಧಿ. ‘ನೋಡಿದೆ’ ಅಂತ ನಾವು ಅಂದುಕೊಳ್ಳುವ ಜಾಗದಲ್ಲಿ ಒಂದು ತೀರ್ಪು ಅಡಗಿ ಕೂತಿರುತ್ತದೆ. ಕಿಟಕಿಯಿಂದ ಕೆಳಗೆ ನೋಡಿ ‘ಜನ ಹೋಗುತ್ತಿದ್ದಾರೆ’ ಅಂತೀನಿ, ಕಂಡದ್ದು ಬರೀ ಟೋಪಿ, ಕೋಟು. ಒಳಗೆ ಗೊಂಬೆಯೂ ಇರಬಹುದಲ್ಲ ಅಂತಾನೆ.

ಇಲ್ಲಿ ನನಗೊಂದು ತಕರಾರಿದೆ. ನೋಟದೊಳಗೆ ತೀರ್ಪಿದೆ ಅನ್ನೋದು ಸರಿ. ಆದರೆ ಮೇಣ ಕರಗುವಾಗ ಕಣ್ಣು ಬಿಡದೆ ನೋಡುತ್ತಿದ್ದೆವಲ್ಲ? ನಡುವೆ ಹತ್ತು ನಿಮಿಷ ಹೊರಗೆ ಹೋಗಿ ಬಂದಿದ್ದರೆ ಇಷ್ಟೇ ಧೈರ್ಯವಾಗಿ ‘ಅದೇ ಮೇಣ’ ಅನ್ನುತ್ತಿದ್ದೆವಾ? ಬುದ್ಧಿಗೆ ಸಲ್ಲಬೇಕಾದ್ದು ಸಲ್ಲಿಸಿ, ಕಣ್ಣಿನ ಪಾಲನ್ನು ಅವನು ಕಡಿಮೆ ಕೊಟ್ಟ.

ಅಷ್ಟು ಚೆನ್ನಾಗಿ ಹೋಗ್ತಿದ್ದ ವಾದದ ಮಧ್ಯೆ ದೇವರನ್ನ ಯಾಕೆ ತಂದ?

ಒಳಗೆ ಸಿಕ್ಕಿಹಾಕಿಕೊಂಡಿದ್ದ, ಹೊರಬರೋಕೆ ಬೇರೆ ಬಾಗಿಲು ಇರಲಿಲ್ಲ. ‘ನಾನಿದ್ದೇನೆ’ ಅಂತ ಗೊತ್ತಾಯಿತು. ಹೊರಗೆ ಜಗತ್ತಿದೆ ಅಂತ ಹೇಗೆ ಹೇಳೋದು? ಅವನ ದಾರಿ ಇದು: ಮಿತಿ ಇರುವ ನನ್ನೊಳಗೆ ಮಿತಿಯೇ ಇಲ್ಲದ ಪರಿಪೂರ್ಣದ ಕಲ್ಪನೆ ಇದೆ, ಅದು ನನ್ನಿಂದ ಹುಟ್ಟಲಾರದು, ಪರಿಪೂರ್ಣನಾದ ಒಬ್ಬನೇ ಇಟ್ಟಿರಬೇಕು. ಪರಿಪೂರ್ಣನು ಮೋಸಗಾರ ಆಗಲಾರ. ಹಾಗಾದರೆ ನಾನು ಸ್ಪಷ್ಟವಾಗಿ, ಬೇರೆ ಯಾವುದನ್ನೂ ಬೆರೆಸದೆ ಕಂಡದ್ದು ನಿಜ.

ಆರ್ನೋ ಎಂಬ ಯುವ ಪಂಡಿತ ತಕ್ಷಣ ಹಿಡಿದ. ಸ್ಪಷ್ಟವಾಗಿ ಕಂಡದ್ದು ನಿಜ ಅನ್ನೋದಕ್ಕೆ ದೇವರ ಭರವಸೆ, ದೇವರಿದ್ದಾನೆ ಅನ್ನೋದಕ್ಕೆ ಸ್ಪಷ್ಟವಾಗಿ ಕಂಡದ್ದೇ ಆಧಾರ. ನಮ್ಮ ನ್ಯಾಯದರ್ಶನದ ತರ್ಕಪಂಡಿತರಾದರೆ ಅನ್ಯೋನ್ಯಾಶ್ರಯ (ಒಂದಕ್ಕೊಂದು ಆತುಕೊಂಡ ದೋಷ) ಅಂತ ಒಂದೇ ಏಟಿಗೆ ತಳ್ಳಿಬಿಡುತ್ತಿದ್ದರು. ಕಣ್ಣೆದುರು ಇರುವ ಸ್ಪಷ್ಟ ಸತ್ಯಕ್ಕೆ ದೇವರ ಜಾಮೀನು ಬೇಡ, ಹಿಂದೆ ಸಾಧಿಸಿದ್ದು ನೆನಪಿನಿಂದ ಮಾತ್ರ ಉಳಿದಿರುವಾಗ ಬೇಕು ಅಂತ ಡೆಕಾರ್ಟ್ ಸಮಜಾಯಿಷಿ ಕೊಟ್ಟ. ಅವನ ಪರ ನಿಂತು ಇದನ್ನು ಇವತ್ತಿಗೂ ರಿಪೇರಿ ಮಾಡುವವರಿದ್ದಾರೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಹಗ್ಗ ಸವೆದಿರೋದು ಇಲ್ಲೇ.

## ಮನಸ್ಸು ಮತ್ತು ದೇಹ

ಮನಸ್ಸೇ ಬೇರೆ, ದೇಹವೇ ಬೇರೆ ಅನ್ನೋದಕ್ಕೆ ಅವನ ಹತ್ರ ಏನು ಆಧಾರ ಇತ್ತು?

ಮುಖ್ಯವಾಗಿ ಎರಡು. ಒಂದು: ಮನಸ್ಸಿನ ಗುಣ ಯೋಚಿಸೋದು, ದೇಹದ ಗುಣ ಜಾಗ ಹಿಡಿಯೋದು. ಒಂದನ್ನು ಬಿಟ್ಟು ಇನ್ನೊಂದನ್ನು ಪೂರ್ತಿಯಾಗಿ, ಸ್ಪಷ್ಟವಾಗಿ ಗ್ರಹಿಸಬಹುದು, ಹಾಗಾಗಿ ಅವು ನಿಜಕ್ಕೂ ಬೇರೆ ಬೇರೆ. ಎರಡು: ದೇಹವನ್ನು ಭಾಗ ಮಾಡಬಹುದು, ಮನಸ್ಸನ್ನು ಆಗದು. ಕಾಲು ಕತ್ತರಿಸಿದರೆ ಮನಸ್ಸಿನಿಂದ ಒಂದು ತುಂಡೂ ಕಡಿಮೆಯಾಗೋದಿಲ್ಲ. ಎರಡನೆಯದು ಕೇಳೋಕೆ ಚೆಂದ. ಆದರೆ ಪಾರ್ಶ್ವವಾಯು ಹೊಡೆದು ಮಾತು ಮಾತ್ರ ಹೋಗಿ ಬುದ್ಧಿ ಉಳಿದವರನ್ನು ಮನೆಯಲ್ಲಿ ನೋಡಿಕೊಂಡವರು ಅದನ್ನು ಅಷ್ಟು ಸುಲಭಕ್ಕೆ ಒಪ್ಪಲಾರರು.

ಇದು ನಮ್ಮ ಮಧ್ವರ ದ್ವೈತವೇ ಅಲ್ವಾ?

ಅಲ್ಲ, ಹೆಸರು ಮಾತ್ರ ಹತ್ತಿರ. ಉಡುಪಿಯ ಮಧ್ವಾಚಾರ್ಯರು ಹೇಳಿದ್ದು ಐದು ಭೇದ: ಈಶ್ವರ ಮತ್ತು ಜೀವ, ಈಶ್ವರ ಮತ್ತು ಜಡ, ಜೀವ ಮತ್ತು ಜೀವ, ಜೀವ ಮತ್ತು ಜಡ, ಜಡ ಮತ್ತು ಜಡ. ಅದರಲ್ಲಿ ನಾಲ್ಕನೆಯದು ಮಾತ್ರ ಡೆಕಾರ್ಟ್‌ನ ಪ್ರಶ್ನೆಗೆ ಹತ್ತಿರ. ಮಧ್ವರ ಮುಖ್ಯ ಒತ್ತು ಇರೋದು ಈಶ್ವರ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ ಅನ್ನೋದರಲ್ಲಿ.

ಅರಿವಿನ ವಿಷಯದಲ್ಲಂತೂ ಇಬ್ಬರೂ ಎದುರುಬದುರು. ಅರಿವು ತನ್ನಷ್ಟಕ್ಕೇ ಪ್ರಮಾಣ, ಸಾಕ್ಷಿ ಅದನ್ನು ಖಚಿತ ಮಾಡುತ್ತದೆ, ಎಲ್ಲಿ ದೋಷ ಕಾಣುತ್ತದೋ ಅಲ್ಲಿ ಮಾತ್ರ ಸಂಶಯಕ್ಕೆ ಜಾಗ ಅನ್ನೋದು ಮಧ್ವಪಂಥದ ನಿಲುವು. ಡೆಕಾರ್ಟ್ ಸಂಶಯದಿಂದಲೇ ಶುರು ಮಾಡುತ್ತಾನೆ.

ಪೀನಿಯಲ್ ಗ್ರಂಥಿಯಲ್ಲಿ ಆತ್ಮ ಇದೆ ಅಂದನಂತೆ. ಅಷ್ಟು ಬುದ್ಧಿವಂತ ಇಂಥ ಮಾತು ಹೇಗೆ ಆಡಿದ?

ಸುಮ್ನೆ ಆಡಿದ್ದಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿದ್ದಾಗ ಕಟುಕರ ಅಂಗಡಿಗೆ ಹೋಗಿ, ಪ್ರಾಣಿಗಳ ಅಂಗಾಂಗ ಮನೆಗೆ ತರಿಸಿ ಕೊಯ್ದು ನೋಡುತ್ತಿದ್ದ. ಆತ್ಮ ಇಡೀ ದೇಹದ ಜೊತೆ ಕೂಡಿದೆ, ಆದರೆ ಮುಖ್ಯವಾಗಿ ಕೆಲಸ ಮಾಡೋದು ಈ ಗ್ರಂಥಿಯಲ್ಲಿ ಅಂತ ಅವನ ಮಾತು. ಕಣ್ಣು ಎರಡು, ಕಿವಿ ಎರಡು, ಮೆದುಳೂ ಎರಡು ಭಾಗ. ಆದರೆ ನಮಗೆ ಕಾಣೋದು ಒಂದೇ ನೋಟ. ಅವೆರಡೂ ಕೂಡುವ ಜಾಗ ಒಂಟಿಯಾಗಿರಬೇಕು. ಮೆದುಳಿನ ನಡುವೆ ಜೋಡಿ ಇಲ್ಲದೆ ಕಂಡದ್ದು ಆ ಸಣ್ಣ ಗ್ರಂಥಿ.

ನೋವು ತಲುಪೋದು ಮೆದುಳಿಗೆ ಅನ್ನೋದಕ್ಕೆ ಅವನು ಒಬ್ಬ ಹುಡುಗಿಯ ಸಂಗತಿ ಹೇಳುತ್ತಾನೆ. ಕೈ ಕೊಳೆತು ಮೊಣಕೈವರೆಗೆ ಕತ್ತರಿಸಿದ್ದರು. ಅವಳಿಗೆ ಗೊತ್ತಾಗದ ಹಾಗೆ ಆ ಜಾಗಕ್ಕೆ ಬಟ್ಟೆ ಸುತ್ತಿಟ್ಟಿದ್ದರು. ಅವಳು ಇಲ್ಲದ ಆ ಕೈಯ ಈ ಬೆರಳು ನೋಯುತ್ತಿದೆ, ಆ ಬೆರಳು ನೋಯುತ್ತಿದೆ ಅಂತ ಅಳುತ್ತಿದ್ದಳು. ಬೆರಳಿಂದ ಬರುತ್ತಿದ್ದ ನರ ಮೊಣಕೈ ಹತ್ತಿರ ಅಲುಗಾಡಿದರೂ ಮೆದುಳಿಗೆ ಅದೇ ಸುದ್ದಿ ಹೋಗುತ್ತದೆ ಅಂತ ಅವನ ವಿವರಣೆ. ಗ್ರಂಥಿಯ ವಿಷಯದಲ್ಲಿ ತಪ್ಪಿದ. 1665ರಲ್ಲೇ ಸ್ಟೆನೋ ಎಂಬ ಅಂಗರಚನಾ ವಿಜ್ಞಾನಿ ಪ್ಯಾರಿಸ್ಸಿನ ಭಾಷಣದಲ್ಲಿ, ಆ ಗ್ರಂಥಿ ಡೆಕಾರ್ಟ್ ಹೇಳಿದ ಹಾಗೆ ಅಲುಗಾಡಲಾರದು ಅಂತ ತೋರಿಸಿದ. ಅದು ಮೆಲಟೋನಿನ್ ಎಂಬ ಹಾರ್ಮೋನು ಮಾಡುತ್ತದೆ ಅಂತ ಈಗ ಗೊತ್ತು.

ಜಾಗವೇ ಹಿಡಿಯದ ಮನಸ್ಸು ಕೈಯನ್ನ ಹೇಗೆ ಎತ್ತುತ್ತೆ?

ಈ ಪ್ರಶ್ನೆಯ ಯಜಮಾನತಿ ಎಲಿಸಬೆತ್. ಬೊಹೀಮಿಯದ ರಾಜಕುಮಾರಿ, ಅಪ್ಪ ರಾಜ್ಯ ಕಳೆದುಕೊಂಡಿದ್ದರಿಂದ ಹಾಲೆಂಡಿನ ಹೇಗ್‌ನಲ್ಲಿ ಆಶ್ರಯ ಪಡೆದಿದ್ದವಳು. 1643ರ ಮೇ ತಿಂಗಳಲ್ಲಿ, 24ರ ವಯಸ್ಸಿನಲ್ಲಿ, ಡೆಕಾರ್ಟ್‌ಗೆ ಬರೆದಳು. ಒಂದು ವಸ್ತು ಚಲಿಸಬೇಕಾದರೆ ಇನ್ನೊಂದು ತಳ್ಳಬೇಕು, ತಳ್ಳೋಕೆ ಮುಟ್ಟಬೇಕು, ಮುಟ್ಟೋಕೆ ಮೈ ಬೇಕು. ಆತ್ಮಕ್ಕೆ ಮೈಯೇ ಇಲ್ಲ ಅಂತೀರಿ. ಮತ್ತೆ ಹೇಗೆ?

ಡೆಕಾರ್ಟ್ ಮೊದಲು ತೂಕದ ಉದಾಹರಣೆ ಕೊಟ್ಟ: ತೂಕ ಅನ್ನೋದು ಕಲ್ಲನ್ನು ಯಾವ ಮೈಯಿಂದಲೂ ಮುಟ್ಟದೆ ಕೆಳಗೆ ಎಳೆಯುತ್ತದೆ ಅಂತ ನಾವು ಅಂದುಕೊಂಡಿಲ್ಲವೇ? ಎಲಿಸಬೆತ್ ಒಪ್ಪಲಿಲ್ಲ. ತೂಕದ ಬಗ್ಗೆ ಆ ಹಳೆಯ ಕಲ್ಪನೆ ತಪ್ಪು ಅಂತ ನೀವೇ ತೋರಿಸಿದ್ದೀರಿ, ಈಗ ಅದನ್ನೇ ನಂಬಿ ಅಂದರೆ ಹೇಗೆ ಅಂತ ವಾಪಸ್ ಕೇಳಿದಳು. ಮೈಯಿಲ್ಲದ್ದು ಮೈಯನ್ನು ಅಲುಗಾಡಿಸುತ್ತದೆ ಅನ್ನೋದಕ್ಕಿಂತ ಆತ್ಮಕ್ಕೂ ಮೈಯಿದೆ ಅಂತ ಒಪ್ಪೋದೇ ನನಗೆ ಸುಲಭ ಅಂತ ಬರೆದಳು. ನಡುವೆ ಮನೆತನದ ವ್ಯವಹಾರ, ಬಂದು ಹೋಗುವವರ ಮಾತುಕತೆ, ಇವುಗಳಿಂದ ಯೋಚಿಸೋಕೆ ಪುರಸೊತ್ತಿಲ್ಲ ಅಂತಲೂ ಇದೆ.

ಜೂನ್ 28ರ ಪತ್ರದಲ್ಲಿ ಡೆಕಾರ್ಟ್ ಕೊಟ್ಟ ಉತ್ತರ ವಿಚಿತ್ರವಾಗಿದೆ. ಆತ್ಮವನ್ನು ಶುದ್ಧ ಬುದ್ಧಿಯಿಂದ ತಿಳಿಯಬೇಕು, ವಸ್ತುವನ್ನು ಬುದ್ಧಿ ಮತ್ತು ಕಲ್ಪನೆಯಿಂದ. ಆದರೆ ಅವೆರಡು ಕೂಡಿರೋದು ಹೇಗೆ ಅನ್ನೋದು ತಿಳಿಯೋದು ದಿನನಿತ್ಯದ ಬದುಕಿನಲ್ಲಿ, ಸಾಮಾನ್ಯ ಮಾತುಕತೆಯಲ್ಲಿ, ತತ್ವ ಚಿಂತನೆ ಬದಿಗಿಟ್ಟಾಗ. ತಾನೂ ಶುದ್ಧ ಬುದ್ಧಿಯ ಕೆಲಸಕ್ಕೆ ವರ್ಷಕ್ಕೆ ಕೆಲವೇ ಗಂಟೆ ಕೊಡುತ್ತೇನೆ ಅಂದ. ಕೆಲವರು ಇದನ್ನು ನುಣುಚಿಕೊಳ್ಳುವ ಮಾತು ಅಂತಾರೆ. ನನಗೆ ಹಾಗೆ ಅನ್ನಿಸೋದಿಲ್ಲ. ತನ್ನ ವಿಧಾನ ಎಲ್ಲಿಗೆ ನಿಲ್ಲುತ್ತದೆ ಅಂತ ಅವನು ಒಪ್ಪಿಕೊಂಡ ಜಾಗ ಇದು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಪ್ರಕಟವಾದ ಆಕ್ಷೇಪಗಳಲ್ಲಿ ಹಾಬ್ಸ್, ಗಸೆಂಡಿಯಂಥ ದೊಡ್ಡ ಹೆಸರುಗಳಿವೆ. ಅವನನ್ನು ಚೆನ್ನಾಗಿ ಓದಿದವಳು ಇವಳೇ.

ಮನಸ್ಸು, ದೇಹ ಬೇರೆ ಮಾಡಿ ವೈದ್ಯರ ದಾರಿ ತಪ್ಪಿಸಿದ ಅಂತಾರಲ್ಲ?

ಅವನ ಹೆಸರಿನಲ್ಲಿ ಆಮೇಲೆ ಆದದ್ದು ಬೇರೆ, ಅವನು ಬರೆದದ್ದು ಬೇರೆ. ಹಡಗಿನಲ್ಲಿ ನಾವಿಕ ಕೂತ ಹಾಗೆ ನಾನು ದೇಹದಲ್ಲಿ ಕೂತಿಲ್ಲ ಅಂತ ‘ಮೆಡಿಟೇಶನ್ಸ್’ನ ಆರನೆಯ ಭಾಗದಲ್ಲೇ ಇದೆ. ಹಡಗು ಒಡೆದರೆ ನಾವಿಕ ಅದನ್ನು ಕಣ್ಣಿಂದ ನೋಡುತ್ತಾನೆ, ಗಾಯವಾದರೆ ನನಗೆ ನೋಯುತ್ತದೆ. 1645ರಲ್ಲಿ ಎಲಿಸಬೆತ್‌ಗೆ ಸಣ್ಣ ಜ್ವರ, ಒಣಕೆಮ್ಮು ಹಿಡಿದು ಬಿಡದೇ ಇದ್ದಾಗ, ಇಂಥ ಜ್ವರಕ್ಕೆ ಸಾಮಾನ್ಯ ಕಾರಣ ದುಃಖ ಅಂತ ಬರೆದದ್ದೂ ಅವನೇ. ಭಾವನೆಗಳು ದೇಹದಲ್ಲಿ ಹೇಗೆ ನಡೆಯುತ್ತವೆ ಅಂತ ಅವಳು ಕೆದಕಿದ್ದರಿಂದಲೇ ಕೊನೆಯ ಪುಸ್ತಕ ‘ಪ್ಯಾಶನ್ಸ್ ಆಫ್ ದಿ ಸೋಲ್’ 1649ರಲ್ಲಿ ಬಂತು.

ಪ್ರಾಣಿಗಳು ಬರೀ ಯಂತ್ರ ಅಂದಿದ್ದು ನಿಜಾನಾ?

ನಿಜ. ಅವಕ್ಕೆ ಯೋಚನೆ ಇಲ್ಲ ಅಂದ. ಆದರೆ 1649ರಲ್ಲಿ ಹೆನ್ರಿ ಮೋರ್ ಎಂಬ ಇಂಗ್ಲಿಷ್ ತತ್ವಜ್ಞಾನಿಗೆ ಬರೆದ ಪತ್ರದಲ್ಲಿ, ಜೀವ ಮತ್ತು ದೇಹದಿಂದ ಬರುವಷ್ಟು ಸಂವೇದನೆ ಪ್ರಾಣಿಗಳಿಗಿದೆ ಅಂತ ಒಪ್ಪಿದ್ದಾನೆ. ನಾಯಿ ಕೂಗಿದರೆ ಗಡಿಯಾರ ಸದ್ದು ಮಾಡಿದಷ್ಟೇ ಅನ್ನುವ ಕಠಿಣ ಮಾತು ಹಿಂಬಾಲಕರಲ್ಲಿ ಜಾಸ್ತಿ. ಎಮ್ಮೆ, ದನ ಕಟ್ಟಿದವರಿಗೆ ಈ ವಾದ ಒಪ್ಪಿಸೋದು ಕಷ್ಟ.

## ಇನ್ನೂ ಆಳಕ್ಕೆ

‘ದೇಹವನ್ನ ಅನುಮಾನಿಸಬಹುದು, ಮನಸ್ಸನ್ನ ಆಗಲ್ಲ, ಅದಕ್ಕೇ ಎರಡೂ ಬೇರೆ.’ ಇದು ಮೋಸದ ವಾದ ಅಲ್ವಾ?

ಹೌದು, ಇಷ್ಟೇ ಆದರೆ ಮೋಸವೇ. ಆರ್ನೋ ತೋರಿಸಿದ ಉದಾಹರಣೆ ನೋಡಿ. ಒಬ್ಬನಿಗೆ ಇದು ಲಂಬಕೋನ ತ್ರಿಭುಜ ಅಂತ ಖಚಿತವಾಗಿ ಗೊತ್ತು. ವಿಕರ್ಣದ ವರ್ಗ ಉಳಿದೆರಡು ಬದಿಗಳ ವರ್ಗಗಳ ಮೊತ್ತಕ್ಕೆ ಸಮ ಅನ್ನೋದು ಮಾತ್ರ ಅನುಮಾನ. ಹಾಗಂತ ಆ ಗುಣವಿಲ್ಲದ ಲಂಬಕೋನ ತ್ರಿಭುಜ ಇರೋಕೆ ಸಾಧ್ಯವಾ? ನನ್ನ ತಿಳಿವಳಿಕೆಯ ಕೊರತೆಯಿಂದ ವಸ್ತುವಿನಲ್ಲಿ ಬಿರುಕು ಹುಟ್ಟೋದಿಲ್ಲ. ಡೆಕಾರ್ಟ್ ಉತ್ತರ: ಆ ಗುಣ ತ್ರಿಭುಜದ್ದೇ ಒಂದು ಅಂಶ, ಅದೇ ಸ್ವತಂತ್ರ ವಸ್ತುವಲ್ಲ. ಮನಸ್ಸು, ದೇಹ ಒಂದೊಂದೂ ಪೂರ್ಣ ವಸ್ತುವಾಗಿ ಗ್ರಹಿಕೆಗೆ ಸಿಗುತ್ತವೆ. ‘ಪೂರ್ಣವಾಗಿ ಸಿಕ್ಕಿದೆ’ ಅಂತ ಹೇಳೋರು ಯಾರು ಅನ್ನೋದರಲ್ಲೇ ವಾದ ಈಗಲೂ ಸಿಕ್ಕಿಕೊಂಡಿದೆ.

ಸ್ಪಿನೋಜ, ಲೈಬ್ನಿಟ್ಸ್ ಈ ಗಂಟನ್ನ ಹೇಗೆ ಬಿಡಿಸಿದ್ರು?

ಸ್ಪಿನೋಜ ಗಂಟೇ ಇಲ್ಲ ಅಂದ. ಅವನ ಹೆಸರಿನಲ್ಲಿ ಬದುಕಿದ್ದಾಗ ಪ್ರಕಟವಾದ ಒಂದೇ ಪುಸ್ತಕ, 1663ರದ್ದು, ಡೆಕಾರ್ಟ್ ತತ್ವದ ಮೇಲೆಯೇ. ಆದರೆ 1677ರಲ್ಲಿ, ಸತ್ತ ಮೇಲೆ ಬಂದ ‘ಎಥಿಕ್ಸ್’ನಲ್ಲಿ ಇರೋದು ಒಂದೇ ವಸ್ತು, ಯೋಚನೆ ಮತ್ತು ವಿಸ್ತಾರ (ಜಾಗ ಹಿಡಿಯೋದು) ಅದರ ಎರಡು ಮುಖ. ಒಂದೇ ಆದ ಮೇಲೆ ಯಾರು ಯಾರನ್ನು ತಳ್ಳೋದು? ಮಾಲ್‌ಬ್ರಾಂಶ್ ಎಂಬ ಪಾದ್ರಿ, ನಾನು ಬಯಸಿದಾಗ ಕೈ ಎತ್ತೋದು ದೇವರೇ ಅಂದ. ಲೈಬ್ನಿಟ್ಸ್, ಮನಸ್ಸು ಮತ್ತು ದೇಹ ಒಂದನ್ನೊಂದು ಮುಟ್ಟೋದೇ ಇಲ್ಲ, ಒಟ್ಟಿಗೆ ಸರಿಹೊಂದಿಸಿ ಬಿಟ್ಟ ಎರಡು ಗಡಿಯಾರದ ಹಾಗೆ ಜೊತೆಯಾಗಿ ನಡೆಯುತ್ತವೆ ಅಂದ. ಮೂವರ ಉತ್ತರವೂ ಪ್ರಶ್ನೆಗಿಂತ ದುಬಾರಿ. ಆಯ್ಕೆ ಮಾಡಲೇಬೇಕು ಅಂದರೆ ನಾನು ಸ್ಪಿನೋಜ ಕಡೆ.

ಎಂಆರ್‌ಐ ಬಂದ ಮೇಲೂ ಈ ಚರ್ಚೆ ಬೇಕಾ? ಎಲ್ಲ ಮೆದುಳೇ ಅಲ್ವಾ?

ಮೆದುಳು ಕೆಟ್ಟರೆ ಮನಸ್ಸು ಕೆಡುತ್ತದೆ ಅನ್ನೋದರಲ್ಲಿ ಅನುಮಾನವಿಲ್ಲ, ಡೆಕಾರ್ಟ್‌ಗೂ ಇರಲಿಲ್ಲ. ಉಳಿದಿರುವ ಪ್ರಶ್ನೆ ಲೈಬ್ನಿಟ್ಸ್ 1714ರಲ್ಲಿ ಕೇಳಿದ್ದು. ಯೋಚಿಸುವ, ಅನುಭವಿಸುವ ಯಂತ್ರವೊಂದನ್ನು ಹಿಟ್ಟಿನ ಗಿರಣಿಯಷ್ಟು ದೊಡ್ಡದು ಮಾಡಿ ಒಳಗೆ ಹೋಗಿ ನೋಡಿದರೆ ಏನು ಕಾಣುತ್ತದೆ? ಒಂದನ್ನೊಂದು ತಳ್ಳುವ ಭಾಗಗಳು ಮಾತ್ರ. ಅನುಭವ ಎಲ್ಲಿ? 1995ರಲ್ಲಿ ಡೇವಿಡ್ ಚಾಮರ್ಸ್ ಎಂಬ ತತ್ವಜ್ಞಾನಿ ಇದನ್ನೇ ಪ್ರಜ್ಞೆಯ ‘ಕಠಿಣ ಸಮಸ್ಯೆ’ ಅಂತ ಕರೆದ. ಎರಡು ವಸ್ತು ಅನ್ನುವ ಡೆಕಾರ್ಟ್‌ನ ಉತ್ತರವನ್ನು ಇವತ್ತು ಒಪ್ಪುವವರು ಕಡಿಮೆ.

ಎಐ ಜೊತೆ ಮಾತಾಡಿದ್ರೆ ಡೆಕಾರ್ಟ್ ಅದಕ್ಕೆ ಮನಸ್ಸಿದೆ ಅಂತಿದ್ನಾ?

ಇದಕ್ಕೆ ಅವನು 1637ರಲ್ಲೇ ಪರೀಕ್ಷೆ ಬರೆದಿಟ್ಟಿದ್ದಾನೆ. ಒಂದು ಕಡೆ ಮುಟ್ಟಿದರೆ ‘ಏನು ಬೇಕು’ ಅನ್ನುವ, ಇನ್ನೊಂದು ಕಡೆ ಮುಟ್ಟಿದರೆ ‘ನೋಯ್ತಿದೆ’ ಅಂತ ಕೂಗುವ ಯಂತ್ರ ಮಾಡಬಹುದು ಅಂತ ಒಪ್ಪುತ್ತಾನೆ. ಆದರೆ ಎದುರಿನವರು ಏನೇ ಹೇಳಿದರೂ ಅದರ ಅರ್ಥಕ್ಕೆ ತಕ್ಕಂತೆ ಮಾತು ಜೋಡಿಸಿ ಉತ್ತರ ಕೊಡೋದು, ಅತಿ ದಡ್ಡ ಮನುಷ್ಯನಿಗೂ ಸಾಧ್ಯವಾದ ಆ ಕೆಲಸ, ಯಂತ್ರಕ್ಕೆ ಆಗದು. ಎರಡನೆಯದು, ಯಂತ್ರ ಕೆಲವು ಕೆಲಸ ನಮಗಿಂತ ಚೆನ್ನಾಗಿ ಮಾಡಿದರೂ ಬೇರೆ ಯಾವುದರಲ್ಲೋ ಖಂಡಿತ ಎಡವುತ್ತದೆ. ಯಾಕಂದರೆ ಬುದ್ಧಿ ಎಲ್ಲ ಕೆಲಸಕ್ಕೂ ಬರುವ ಉಪಕರಣ, ಯಂತ್ರದ ಒಂದೊಂದು ಭಾಗಕ್ಕೆ ಒಂದೊಂದೇ ಕೆಲಸ.

ಮೊದಲ ಪರೀಕ್ಷೆಯನ್ನು ಈಗಿನ ಎಐ ಹೆಚ್ಚುಕಡಿಮೆ ದಾಟಿದೆ. ಹಾಗಾಗಿ ಅವನ ಮುಂದೆ ಎರಡೇ ದಾರಿ: ಅದಕ್ಕೆ ಮನಸ್ಸಿದೆ ಅನ್ನಬೇಕು, ಇಲ್ಲವೇ ಮಾತು ಮನಸ್ಸಿಗೆ ಗುರುತಲ್ಲ ಅಂತ ಒಪ್ಪಬೇಕು. ಅವನು ಎರಡನೆಯದನ್ನೇ ಹಿಡಿಯುತ್ತಿದ್ದ ಅಂತ ನನ್ನ ಊಹೆ. ಯಂತ್ರಕ್ಕೆ ಅಸಾಧ್ಯ ಅಂದಾಗಲೂ ‘ವ್ಯವಹಾರದಲ್ಲಿ ಅಸಾಧ್ಯ’ ಅಂದಿದ್ದನೇ ಹೊರತು ತರ್ಕದಲ್ಲೇ ಅಸಾಧ್ಯ ಅಂದಿರಲಿಲ್ಲ. ಆದರೆ ಆ ದಾರಿ ಹಿಡಿದರೆ ಬೇರೆ ಮನುಷ್ಯರಿಗೆ ಮನಸ್ಸಿದೆ ಅನ್ನೋಕೂ ಅವನ ಹತ್ತಿರ ಆಧಾರ ಉಳಿಯೋದಿಲ್ಲ. ಕಿಟಕಿಯಾಚೆಯ ಟೋಪಿ, ಕೋಟುಗಳ ಒಳಗೆ ಯಾರಿದ್ದಾರೆ ಅಂತ ಅವನು ತೀರ್ಮಾನಿಸಿದ್ದು ಇದೇ ಥರದ ಗುರುತುಗಳಿಂದ ತಾನೇ?

ನೇರವಾಗಿ ಅವನನ್ನೇ ಓದಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

‘ಮೆಡಿಟೇಶನ್ಸ್’ನಿಂದ. ಆರೇ ಭಾಗ, ಸಣ್ಣ ಪುಸ್ತಕ. ಮೊದಲ ಎರಡನ್ನು ಒಂದೇ ಸಲ ಕೂತು ಓದಿ. ಮೂರನೆಯದು ಎಳೆಯುತ್ತದೆ, ಮೊದಲ ಓದಿನಲ್ಲಿ ಬೇಜಾರಾದರೆ ದಾಟಿಕೊಂಡು ಆರಕ್ಕೆ ಹೋಗಿ, ಆಮೇಲೆ ವಾಪಸ್ ಬನ್ನಿ. ಅದು ಮುಗಿದ ಮೇಲೆ ಆಕ್ಷೇಪಗಳಲ್ಲಿ ಆರ್ನೋದು, ಪತ್ರಗಳಲ್ಲಿ ಎಲಿಸಬೆತ್ ಜೊತೆಗಿನ 1643ರವು. ಈ ಪತ್ರಗಳನ್ನು ಎರಡೂ ಕಡೆಯಿಂದ ಓದಿ. ಕೆಲವು ಹಳೆಯ ಸಂಕಲನಗಳಲ್ಲಿ ಡೆಕಾರ್ಟ್‌ನ ಉತ್ತರ ಮಾತ್ರ ಇರುತ್ತದೆ, ಅಂಥದ್ದನ್ನು ಕೊಳ್ಳಬೇಡಿ.